ಅಪ್ಪ-ಅಮ್ಮನ್ನ ನೋಡ್ಕೊಳ್ಳೋದು ನಾನೇ, ತೆರಿಗೆಯಲ್ಲಿ ಏನಾದ್ರೂ ಉಳಿಯುತ್ತಾ?

ಜೂನ್ ತಿಂಗಳಲ್ಲಿ ಆಫೀಸಿನ ಇಮೇಲ್‌ಗೆ ಫಾರಂ 16 ಬಂದು ಬೀಳುತ್ತೆ. ಅಲ್ಲಿಂದ ಜುಲೈ 31ರವರೆಗೆ ನಮ್ಮೂರ ಹುಡುಗ-ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ಕ್ರಿಕೆಟ್ಟೂ ಇಲ್ಲ, ರಾಜಕೀಯವೂ ಇಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮಂಥವರು ಕೇಳೋದು ಒಂದೇ ಪ್ರಶ್ನೆ: ‘ಮನೇಲಿ ನಾಲ್ಕು ಜನ ನನ್ನ ಸಂಬಳದ ಮೇಲೇ ಇದ್ದಾರೆ. ಅವರನ್ನ ಡಿಪೆಂಡೆಂಟ್ ಅಂತ ತೋರಿಸಿದ್ರೆ ತೆರಿಗೆ ಎಷ್ಟು ಕಮ್ಮಿ ಆಗುತ್ತೆ?’

ನಾನು ಆಡಿಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ನನ್ನ ರಿಟರ್ನ್ ನಾನೇ ಸಲ್ಲಿಸುತ್ತಾ ಬಂದಿದ್ದರಿಂದ ಗೆಳೆಯರಿಗೂ ಹೇಳಿಕೊಡುವ ಕೆಲಸ ಹೆಗಲಿಗೆ ಬಿದ್ದಿದೆ. ಅವರು ಕೇಳಿದ, ನಮ್ಮ ಜಿಲ್ಲೆಗೇ ಹೊಂದುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು, ಅಂದರೆ 2026ರ ಜುಲೈ 31ರೊಳಗೆ ಸಲ್ಲಿಸುವ ರಿಟರ್ನ್‌ಗೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರುಗಳೂ ಬದಲಾಗಿವೆ. ಆದರೆ ಈ ರಿಟರ್ನ್‌ಗೆ 1961ರ ಹಳೇ ಕಾಯ್ದೆಯೇ ಅನ್ವಯ.

ಮೊದಲು ಒಂದು ಕಹಿ ಸತ್ಯ

ಆಫೀಸಿನ ಇನ್ಶೂರೆನ್ಸ್ ಫಾರಂನಲ್ಲಿ ‘ಡಿಪೆಂಡೆಂಟ್ಸ್’ ಅಂತ ಒಂದು ಕಾಲಂ ಇರುತ್ತಲ್ಲ, ಅಂಥ ಕಾಲಂ ನಮ್ಮ ಆದಾಯ ತೆರಿಗೆಯಲ್ಲಿ ಇಲ್ಲ. ಮನೇಲಿ ಇಬ್ಬರಿದ್ದರೂ ಅಷ್ಟೇ, ಎಂಟು ಜನ ಇದ್ದರೂ ಅಷ್ಟೇ. ಗಂಡ-ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕೋದಕ್ಕೂ ಆಗಲ್ಲ.

ಈ ತಲೆನೋವು ಶುರುವಾಗಿದ್ದು ಬಹುಶಃ ಅಮೆರಿಕದಲ್ಲಿರುವ ನಮ್ಮ ಸ್ನೇಹಿತರಿಂದ. ಅಲ್ಲಿ ಮಕ್ಕಳಿಗೆ ತಲಾ ಇಷ್ಟು ಅಂತ ತೆರಿಗೆಯಲ್ಲೇ ಕಳೆಯುತ್ತಾರೆ. 2025ರ ಲೆಕ್ಕದಲ್ಲಿ ಒಂದು ಮಗುವಿಗೆ 2,200 ಡಾಲರ್‌ವರೆಗೆ. ಆದರೆ ಅಲ್ಲೂ ಊರಲ್ಲಿರುವ ಅಪ್ಪ-ಅಮ್ಮನನ್ನು ಡಿಪೆಂಡೆಂಟ್ ಅಂತ ತೋರಿಸಲು ಬರುವುದಿಲ್ಲ. ಹೆತ್ತವರು ಅಲ್ಲಿನ ಪ್ರಜೆಗಳೋ ನಿವಾಸಿಗಳೋ ಆಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೋದಲ್ಲಿ ವಾಸವಿರಬೇಕು. ಕನಕಪುರದಲ್ಲಿದ್ದರೆ ಆಗಲ್ಲ!

ನಮ್ಮಲ್ಲಿ ಇರೋದು ‘ತಲೆಗೆ ಇಷ್ಟು’ ಅಲ್ಲ, ‘ಖರ್ಚಿಗೆ ಇಷ್ಟು’. ಅಪ್ಪನ ಆರೋಗ್ಯ ವಿಮೆ, ಅಂಗವೈಕಲ್ಯ ಇರುವ ತಂಗಿಯ ಆರೈಕೆ, ಮಗುವಿನ ಶಾಲೆಯ ಬೋಧನಾ ಶುಲ್ಕ, ಹೀಗೆ ಒಂದೊಂದಕ್ಕೆ ಒಂದೊಂದು ಸೆಕ್ಷನ್. ಇವೆಲ್ಲವೂ ಸಿಗೋದು ಹಳೇ ಪದ್ಧತಿ ಆರಿಸಿಕೊಂಡರೆ ಮಾತ್ರ. ಹೊಸ ಪದ್ಧತಿಯಲ್ಲಿ ದರ ಕಡಿಮೆ, ಈ ವಿನಾಯಿತಿಗಳು ಇಲ್ಲ.

ರಾಮನಗರದ ಪ್ರಶ್ನೆ: ಅಪ್ಪನ ಗೂಡಿನ ದುಡ್ಡು ಕೃಷಿ ಆದಾಯ ತಾನೇ?

ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ರೇಷ್ಮೆಗೂಡು ಮಾರುಕಟ್ಟೆ ಇರುವ ಊರಿನಲ್ಲಿ ಎಲ್ಲರೂ ಇದಕ್ಕೆ ‘ಹೌದು’ ಅಂತಾರೆ. ಹೊಲದಲ್ಲಿ ಹಿಪ್ಪುನೇರಳೆ, ಪಕ್ಕದಲ್ಲೇ ಹುಳು ಮನೆ, ಪಹಣಿ ಅಪ್ಪನ ಹೆಸರಲ್ಲಿ. ಇನ್ನೇನು ಬೇಕು?

ಕಾನೂನು ಬೇರೆಯೇ ಹೇಳುತ್ತೆ. 1999ರಲ್ಲಿ ಕೆ. ಲಕ್ಷ್ಮಣನ್ ಅಂಡ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನೇ ನೋಡಿತ್ತು. ಸೊಪ್ಪು ಬೆಳೆಯೋದು ಕೃಷಿ, ಸೊಪ್ಪನ್ನೇ ಮಾರಿದರೆ ಬರೋದು ಕೃಷಿ ಆದಾಯ. ಆದರೆ ಸೊಪ್ಪನ್ನು ಹುಳುವಿಗೆ ತಿನ್ನಿಸಿದ ಮೇಲೆ ಸಿಗುವ ಗೂಡು ಭೂಮಿಯ ಬೆಳೆಯಲ್ಲ, ಹಾಗಾಗಿ ಆ ಆದಾಯ ಕೃಷಿ ಆದಾಯವಲ್ಲ ಅನ್ನೋದು ತೀರ್ಪಿನ ತಿರುಳು.

ಇದನ್ನು ಕೇಳಿ ಗೆಳೆಯನೊಬ್ಬ ಗಾಬರಿಯಾದ. ಗೂಡಿನ ದುಡ್ಡು ಈಗ ಬ್ಯಾಂಕ್ ಖಾತೆಗೇ ಬರುವುದರಿಂದ ಅವನಪ್ಪನ ಪಾಸ್‌ಬುಕ್‌ನಲ್ಲಿ ವರ್ಷಕ್ಕೆ 8 ಲಕ್ಷ ಜಮೆ. ‘ಅಪ್ಪಂಗೆ ನೋಟಿಸ್ ಬರುತ್ತಾ?’ ಅಂತ ಕೇಳಿದ. ಗಾಬರಿ ಬೇಡ. ಸಣ್ಣ ವ್ಯವಹಾರಕ್ಕೆ ಸೆಕ್ಷನ್ 44ಎಡಿ ಅಂತ ಇದೆ. ಬ್ಯಾಂಕ್ ಮೂಲಕ ಬಂದ ಹಣದ ಕನಿಷ್ಠ 6 ಶೇಕಡಾ, ನಗದಾಗಿ ಬಂದಿದ್ದರ ಕನಿಷ್ಠ 8 ಶೇಕಡಾ ಲಾಭ ಅಂತ ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಇಡಬೇಕಿಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು. 8 ಲಕ್ಷಕ್ಕೆ 6 ಶೇಕಡಾ ಅಂದ್ರೆ 48,000 ರೂಪಾಯಿ. ಮೊಟ್ಟೆ, ಚಾಕಿ, ಕೂಲಿ, ಔಷಧಿ ಎಲ್ಲ ಕಳೆದು ಕೈಲಿ ಉಳಿದಿದ್ದು 2 ಲಕ್ಷ ಅಂತಲೇ ಇಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಶೂನ್ಯ. ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ತೆರಿಗೆಯೂ ಇಲ್ಲ, ರಿಟರ್ನ್ ಕಡ್ಡಾಯವೂ ಅಲ್ಲ.

ಹಾಗಾದರೆ ತಲೆ ಯಾಕೆ ಕೆಡಿಸಿಕೊಳ್ಳಬೇಕು? ಬ್ಯಾಂಕ್ ಸಾಲಕ್ಕೆ ಅಂತ ಅಪ್ಪನ ಹೆಸರಲ್ಲಿ ರಿಟರ್ನ್ ಹಾಕಿಸುವಾಗ ಗೂಡಿನ ದುಡ್ಡನ್ನೆಲ್ಲ ‘ಕೃಷಿ ಆದಾಯ’ ಕಾಲಂಗೆ ತುಂಬಿಬಿಡುತ್ತಾರೆ. ಅದು ತಪ್ಪು ಮಾಹಿತಿ. ಜೊತೆಗೆ ರಾಗಿ, ತೆಂಗು, ಮಾವಿನಿಂದ 5,000 ರೂಪಾಯಿಗಿಂತ ಹೆಚ್ಚು ಆದಾಯ ಇದ್ದರೆ ಸುಲಭದ ಐಟಿಆರ್-4 ಬಳಸಲು ಬರಲ್ಲ, ಐಟಿಆರ್-3 ಬೇಕು. ಮನೆಯಲ್ಲೇ ಬೆಳೆದ ಸೊಪ್ಪಿನ ಬೆಲೆಯನ್ನು ಲೆಕ್ಕದಲ್ಲಿ ಹೇಗೆ ತೋರಿಸಬೇಕು ಅನ್ನೋದನ್ನು ಮಾತ್ರ ಆಡಿಟರ್ ಹತ್ತಿರವೇ ಕೇಳಿ.

ಅಪ್ಪ ದುಡೀತಾರೆ, ಆದ್ರೂ 80ಡಿ ಸಿಗುತ್ತಾ?

ಸಿಗುತ್ತೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಅಪ್ಪ-ಅಮ್ಮನ ಆರೋಗ್ಯ ವಿಮೆಯ ಕಂತನ್ನು ನೀವು ಕಟ್ಟಿದರೆ ಸಾಕು, ಅವರು ನಿಮ್ಮನ್ನೇ ಅವಲಂಬಿಸಿರಬೇಕು ಅಂತ ಇಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಅವಲಂಬಿತರಾಗಿರಬೇಕು.

- ನೀವು, ಹೆಂಡತಿ ಅಥವಾ ಗಂಡ, ಮಕ್ಕಳು: 25,000 ರೂಪಾಯಿವರೆಗೆ.
- ಅಪ್ಪ-ಅಮ್ಮ: ಇನ್ನೊಂದು 25,000. ವಿಮೆ ಮಾಡಿಸಿದವರಲ್ಲಿ ಒಬ್ಬರಿಗೆ 60 ತುಂಬಿದ್ದರೂ 50,000.
- 60 ದಾಟಿದ ಅಪ್ಪ-ಅಮ್ಮನಿಗೆ ವಿಮೆಯೇ ಇಲ್ಲದಿದ್ದರೆ, ನೀವು ಕಟ್ಟಿದ ಆಸ್ಪತ್ರೆ, ಔಷಧಿ ಬಿಲ್ಲುಗಳೇ 50,000ದವರೆಗೆ ಲೆಕ್ಕಕ್ಕೆ ಬರುತ್ತವೆ.

ನಗದು ಕೊಟ್ಟರೆ ಆಗಲ್ಲ. ಯುಪಿಐ, ಕಾರ್ಡ್, ಚೆಕ್ ಯಾವುದಾದರೂ ಸರಿ. 5,000 ರೂಪಾಯಿವರೆಗಿನ ಆರೋಗ್ಯ ತಪಾಸಣೆಗೆ ಮಾತ್ರ ನಗದಿಗೂ ಅವಕಾಶ ಇದೆ, ಅದೂ ಮೇಲಿನ ಮಿತಿಯೊಳಗೇ. ಅತ್ತೆ-ಮಾವನ ಕಂತು ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ನಿಮ್ಮ ಸಂಗಾತಿ ಕಟ್ಟಿ ಅವರ ರಿಟರ್ನ್‌ನಲ್ಲಿ ತೋರಿಸಬಹುದು. ಆಫೀಸಿನ ಗುಂಪು ವಿಮೆಗೆ ಅಪ್ಪ-ಅಮ್ಮನನ್ನು ಸೇರಿಸಿ ನಿಮ್ಮ ಸಂಬಳದಿಂದ ಕಂತು ಕಡಿತವಾಗಿದ್ದರೆ ಅದೂ ನಿಮ್ಮದೇ ಖರ್ಚು, ಪೇಸ್ಲಿಪ್ ತೆಗೆದಿಡಿ. ಇನ್ನು ಅಪ್ಪ-ಅಮ್ಮನ ಎಲ್‌ಐಸಿ ಕಂತು: ಅದು 80ಸಿಗೆ ಬರಲ್ಲ. ನಿಮ್ಮದು, ಸಂಗಾತಿಯದು, ಮಕ್ಕಳದು ಮಾತ್ರ.

ಚನ್ನಪಟ್ಟಣದ ಪ್ರಶ್ನೆ: ಅಮ್ಮನ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ ಯಾರದ್ದು?

ಗೆಳತಿಯ ಅಮ್ಮ ಮನೆಯಲ್ಲೇ ಬೊಂಬೆಗೆ ಅರಗಿನ ಬಣ್ಣ ಹಾಕುವ ಕೆಲಸ ಮಾಡ್ತಾರೆ, ವಯಸ್ಸು 56. ಮಗಳು ಕಳಿಸಿದ ದುಡ್ಡನ್ನು ಖರ್ಚು ಮಾಡದೆ ಎಫ್‌ಡಿ ಮಾಡಿಟ್ಟಿದ್ದಾರೆ. ವರ್ಷಕ್ಕೆ 60,000 ಬಡ್ಡಿ. ಬ್ಯಾಂಕಿನವರು 6,000 ಟಿಡಿಎಸ್ ಹಿಡಿದಿದ್ದಾರೆ.

ಮಗಳು ಅಮ್ಮನಿಗೆ ಕೊಟ್ಟ ದುಡ್ಡು ಉಡುಗೊರೆ, ಅದಕ್ಕೆ ತೆರಿಗೆ ಇಲ್ಲ. ಅದರ ಬಡ್ಡಿ ಅಮ್ಮನ ಆದಾಯ, ಮಗಳದಲ್ಲ. ಅಮ್ಮನ ಒಟ್ಟು ಆದಾಯ ಮಿತಿಯೊಳಗೇ ಇರುವುದರಿಂದ ತೆರಿಗೆಯೂ ಇಲ್ಲ. ಆದರೆ ಬಡ್ಡಿ 50,000 ದಾಟಿದರೆ (60 ತುಂಬಿದವರಿಗೆ 1 ಲಕ್ಷ) ಬ್ಯಾಂಕು ಟಿಡಿಎಸ್ ಹಿಡಿಯಲೇಬೇಕು. ವರ್ಷದ ಶುರುವಿನಲ್ಲೇ 15ಜಿ ಫಾರಂ, 60 ದಾಟಿದ್ದರೆ 15ಎಚ್ ಕೊಟ್ಟಿದ್ದರೆ ಹಿಡಿಯುತ್ತಿರಲಿಲ್ಲ. ಈಗ ಉಳಿದ ದಾರಿ ಅಮ್ಮನ ಹೆಸರಲ್ಲಿ ರಿಟರ್ನ್ ಹಾಕಿ 6,000 ವಾಪಸ್ ಪಡೆಯೋದು. ಖಾತೆಗೆ ಪ್ಯಾನ್ ಜೋಡಿಸಿಲ್ಲದಿದ್ದರೆ 10ರ ಬದಲು 20 ಶೇಕಡಾ ಹಿಡಿಯುತ್ತಾರೆ, ಅದನ್ನು ಮೊದಲು ನೋಡಿ.

ಇದೇ ಕೆಲಸ ಹೆಂಡತಿ ಅಥವಾ ಗಂಡನ ಹೆಸರಲ್ಲಿ ಮಾಡಿದರೆ ಲೆಕ್ಕ ಉಲ್ಟಾ. ಸಂಗಾತಿಗೆ ಕೊಟ್ಟ ದುಡ್ಡಿನ ಬಡ್ಡಿ, ಕೊಟ್ಟವರ ಆದಾಯಕ್ಕೇ ಸೇರುತ್ತೆ. 18 ತುಂಬದ ಮಗುವಿನ ಹೆಸರಿನ ಬಡ್ಡಿ, ಅಪ್ಪ-ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ. ‘ಮಗೂ ಹೆಸರಲ್ಲಿ ಇಟ್ಟಿದ್ದೀನಿ, ತೆರಿಗೆ ಇಲ್ಲ’ ಅನ್ನೋ ಮಾತು ನಂಬಬೇಡಿ.

ಮಾಗಡಿಯ ಪ್ರಶ್ನೆ: ತಂಗಿಯನ್ನ ನಾನೇ ನೋಡ್ಕೊಳ್ತಿದ್ದೀನಿ

ನನ್ನ ಹತ್ತಿರ ಬಂದ ಪ್ರಶ್ನೆಗಳಲ್ಲಿ ಮನಸ್ಸಿಗೆ ತಟ್ಟಿದ್ದು ಇದು. ತಂಗಿಗೆ ಹುಟ್ಟಿನಿಂದ ತೀವ್ರ ಅಂಗವೈಕಲ್ಯ. ಅಪ್ಪ ಇಲ್ಲ. ಫಿಸಿಯೋಥೆರಪಿ, ಔಷಧಿ, ನೋಡಿಕೊಳ್ಳುವವರ ಸಂಬಳ ಎಲ್ಲ ಅಣ್ಣನದೇ. ಅವನು ನಾಲ್ಕು ವರ್ಷದಿಂದ ಒಂದು ರೂಪಾಯಿಯನ್ನೂ ತೋರಿಸಿರಲಿಲ್ಲ. ‘80ಡಿಡಿ ಮಕ್ಕಳಿಗೆ ಮಾತ್ರ’ ಅಂತ ಯಾರೋ ಹೇಳಿದ್ದರಂತೆ.

80ಡಿಡಿಯಲ್ಲಿ ‘ಅವಲಂಬಿತರು’ ಅಂದರೆ ಸಂಗಾತಿ, ಮಕ್ಕಳು, ಅಪ್ಪ-ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲರೂ. ಅವರು ಜೀವನಕ್ಕೆ ಪೂರ್ತಿ ಅಥವಾ ಮುಖ್ಯವಾಗಿ ನಿಮ್ಮನ್ನೇ ನಂಬಿರಬೇಕು, ತಮ್ಮ ಹೆಸರಲ್ಲಿ 80ಯು ಕೇಳಿರಬಾರದು. ಅಂಗವೈಕಲ್ಯ 40 ಶೇಕಡಾ ಅಥವಾ ಮೇಲಿದ್ದರೆ 75,000. 80 ಶೇಕಡಾ ಅಥವಾ ಮೇಲಿದ್ದರೆ 1,25,000 ರೂಪಾಯಿ. ಖರ್ಚು ಅದಕ್ಕಿಂತ ಕಡಿಮೆಯಾಗಿದ್ದರೂ ಪೂರ್ತಿ ಮೊತ್ತ ಸಿಗುತ್ತೆ. ಸರ್ಕಾರಿ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯಕ್ಕೆ 10-ಐಎ ಫಾರಂ. ರಿಟರ್ನ್ ತುಂಬುವಾಗ ಅವಲಂಬಿತರ ಆಧಾರ್ ಅಥವಾ ಪ್ಯಾನ್, ಯುಡಿಐಡಿ ಸಂಖ್ಯೆ ಕೇಳುತ್ತಾರೆ. ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿ, ಜುಲೈ ಕೊನೆ ವಾರದಲ್ಲಿ ಜಿಲ್ಲಾಸ್ಪತ್ರೆಗೆ ಓಡುವ ಹಾಗಾಗಬಾರದು.

ಕ್ಯಾನ್ಸರ್, ಕಿಡ್ನಿ ವೈಫಲ್ಯದಂಥ ಕಾಯಿಲೆಗಳ ಚಿಕಿತ್ಸೆಗೆ ಬೇರೆ ಸೆಕ್ಷನ್ ಇದೆ, 80ಡಿಡಿಬಿ. ಮಿತಿ 40,000, ರೋಗಿಗೆ 60 ದಾಟಿದ್ದರೆ 1 ಲಕ್ಷ. ವಿಮೆಯಿಂದ ಬಂದ ಹಣ ಕಳೆದು ಉಳಿದಿದ್ದಕ್ಕೆ ಮಾತ್ರ. ತಜ್ಞ ವೈದ್ಯರ ಚೀಟಿ ಬೇಕು.

ಕನಕಪುರದ ಪ್ರಶ್ನೆ: ನನ್ನ ಹೆಸರಲ್ಲಿ ತೋಟ ಇದೆ, ತೋರಿಸ್ಬೇಕಾ?

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಸಂಬಳದವರ ಹೆಸರಲ್ಲಿ 5,000 ರೂಪಾಯಿಗಿಂತ ಹೆಚ್ಚು ಕೃಷಿ ಆದಾಯ ಇದ್ದರೆ ಐಟಿಆರ್-1 ಹಾಕುವ ಹಾಗಿಲ್ಲ, ಐಟಿಆರ್-2 ಬೇಕು. ಅಷ್ಟೇ ಅಲ್ಲ, ಆ ಆದಾಯ ನಿಮ್ಮ ಸಂಬಳವನ್ನು ಮೇಲಿನ ದರಕ್ಕೆ ತಳ್ಳುತ್ತೆ. ಸಂಬಳ 14 ಲಕ್ಷ, ಮಾವು-ತೆಂಗಿನಿಂದ ನಿವ್ವಳ 1.5 ಲಕ್ಷ ಅಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ತೋಟ ಇಲ್ಲದಿದ್ದರೆ ತೆರಿಗೆ 81,900. ತೋಟದ ಆದಾಯ ಸೇರಿಸಿ ಲೆಕ್ಕ ಹಾಕಿದರೆ 97,500. ಕೃಷಿ ಆದಾಯಕ್ಕೆ ‘ತೆರಿಗೆ ಇಲ್ಲ’, ಆದರೂ 15,600 ಜಾಸ್ತಿ. ಪಹಣಿ ಅಪ್ಪನದೇ, ಸಾಗುವಳಿಯೂ ಅವರದೇ ಅಂದ್ರೆ ಆದಾಯವೂ ಅವರದೇ, ನಿಮ್ಮ ರಿಟರ್ನ್‌ಗೆ ಬರಲ್ಲ.

ಜಮೀನು ಮಾರಿದವರಿಗೂ ಒಂದು ಮಾತು. ಗ್ರಾಮೀಣ ಕೃಷಿ ಜಮೀನು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ‘ಗ್ರಾಮೀಣ’ ಅನ್ನೋದು ಹತ್ತಿರದ ಪಟ್ಟಣದ ಜನಸಂಖ್ಯೆ ಮೇಲೆ ನಿಂತಿದೆ. 2011ರ ಜನಗಣತಿಯಲ್ಲಿ ನಮ್ಮ ನಾಲ್ಕೂ ಪಟ್ಟಣಗಳು 10 ಸಾವಿರಕ್ಕಿಂತ ಹೆಚ್ಚು, 1 ಲಕ್ಷಕ್ಕಿಂತ ಕಡಿಮೆ. ಹಾಗಾಗಿ ಪಟ್ಟಣದ ಗಡಿಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರ್ ದಾಟಿರಬೇಕು. ಕನ್ವರ್ಷನ್ ಆದ ಜಮೀನು ಈ ಲೆಕ್ಕಕ್ಕೆ ಬರಲ್ಲ. ಭೂಸ್ವಾಧೀನದ ಪರಿಹಾರ 2013ರ ಕಾಯ್ದೆಯಡಿ ಬಂದಿದ್ದರೆ ಅದರ 96ನೇ ಸೆಕ್ಷನ್ ಪ್ರಕಾರ ಆದಾಯ ತೆರಿಗೆ ಇಲ್ಲ. ಯಾವ ಕಾಯ್ದೆ ಅಂತ ಆದೇಶದ ಪ್ರತಿಯಲ್ಲಿ ನೋಡಿ. ಆದರೆ ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ 50 ಲಕ್ಷ ಅಥವಾ ಹೆಚ್ಚು ಜಮೆಯಾದರೆ, ತೆರಿಗೆ ಇಲ್ಲದಿದ್ದರೂ ಅಪ್ಪ ರಿಟರ್ನ್ ಹಾಕಲೇಬೇಕು.

‘ನಮ್ಮ ಜಿಲ್ಲೆ ಈಗ ಬೆಂಗಳೂರು ದಕ್ಷಿಣ, ಎಚ್‌ಆರ್‌ಎ ಜಾಸ್ತಿ ಸಿಗುತ್ತಾ?’

2025ರಲ್ಲಿ ಜಿಲ್ಲೆಯ ಹೆಸರು ಬದಲಾದ ಮೇಲೆ ಈ ಪ್ರಶ್ನೆ ತಮಾಷೆಗೂ ಬಂತು, ಸೀರಿಯಸ್ಸಾಗಿಯೂ ಬಂತು. ಉತ್ತರ: ಇಲ್ಲ. ಈ ವರ್ಷದ ಲೆಕ್ಕದಲ್ಲಿ ಮೂಲ ವೇತನದ 50 ಶೇಕಡಾ ಮಿತಿ ಇರೋದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಎಂ.ಜಿ. ರೋಡ್‌ನಲ್ಲಿದ್ದರೂ 40, ಐಜೂರಿನಲ್ಲಿದ್ದರೂ 40.

ಊರಿಂದಲೇ ರೈಲಲ್ಲಿ ಓಡಾಡುವವರು ಅಪ್ಪನಿಗೆ ಬಾಡಿಗೆ ಕೊಟ್ಟು ಎಚ್‌ಆರ್‌ಎ ಕೇಳಬಹುದಾ? ಕೇಳಬಹುದು, ಬಾಡಿಗೆ ನಿಜವಾಗಿದ್ದರೆ. ಮನೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿರಬೇಕು, ನಿಮ್ಮ ಪಾಲು ಇರಬಾರದು. ನೀವು ಅಲ್ಲೇ ವಾಸವಿರಬೇಕು. ಪ್ರತಿ ತಿಂಗಳು ಬ್ಯಾಂಕ್ ಮೂಲಕ ಕೊಡಿ, ಒಂದು ಕರಾರು ಪತ್ರ ಇಟ್ಟುಕೊಳ್ಳಿ. ವರ್ಷಕ್ಕೆ 1 ಲಕ್ಷ ದಾಟಿದರೆ ಅಪ್ಪನ ಪ್ಯಾನ್ ಕೊಡಬೇಕು. ಬಾಡಿಗೆ ಅಪ್ಪನ ಆದಾಯ. ಅದರಲ್ಲಿ 30 ಶೇಕಡಾ ಕಳೆದು ಉಳಿದಿದ್ದು ಲೆಕ್ಕಕ್ಕೆ. 2,40,000 ಬಾಡಿಗೆ ಅಂದರೆ 1,68,000.

ಹಳೇದೋ ಹೊಸದೋ: ಒಂದು ಲೆಕ್ಕ

ಹೊಸ ಪದ್ಧತಿಯಲ್ಲಿ ಸಂಬಳ 12.75 ಲಕ್ಷದವರೆಗೆ ಇದ್ದು, ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಶೂನ್ಯ. ಅವರು ಮೇಲಿನ ಯಾವ ಸೆಕ್ಷನ್ನಿಗೂ ತಲೆಕೆಡಿಸಿಕೊಳ್ಳಬೇಕಿಲ್ಲ.

14 ಲಕ್ಷ ಸಂಬಳದವರ ಲೆಕ್ಕ ನೋಡಿ. ಹೊಸ ಪದ್ಧತಿ: 75,000 ಕಳೆದು 13.25 ಲಕ್ಷ, ಸೆಸ್ ಸೇರಿ ತೆರಿಗೆ 81,900.

ಹಳೇ ಪದ್ಧತಿ: 50,000 ಕಳೆಯಿರಿ. 80ಸಿ 1.5 ಲಕ್ಷ, 80ಡಿ ತಮಗೆ 25,000, ಅಪ್ಪ-ಅಮ್ಮನಿಗೆ 50,000, ತಂಗಿಗೆ 80ಡಿಡಿ 1.25 ಲಕ್ಷ. ಉಳಿದಿದ್ದು 10 ಲಕ್ಷ, ತೆರಿಗೆ 1,17,000. ಇಷ್ಟೆಲ್ಲ ತೋರಿಸಿದರೂ ಹೊಸದೇ ಲಾಭ! ಇದರ ಮೇಲೆ 1.8 ಲಕ್ಷ ಎಚ್‌ಆರ್‌ಎ ಸೇರಿದರೆ ಹಳೇದು 79,560ಕ್ಕೆ ಇಳಿಯುತ್ತೆ, 2,340 ಉಳಿಯುತ್ತೆ. ಮಾಗಡಿಯ ಗೆಳೆಯನಿಗೆ ಬಾಡಿಗೆ ಮನೆ ಇತ್ತು, ಅವನ ಸಂಬಳ ಇದಕ್ಕಿಂತ ಸ್ವಲ್ಪ ಹೆಚ್ಚು. ಅವನಿಗೆ ಹಳೇದೇ ಸರಿಹೋಯಿತು. ನಿಮ್ಮದನ್ನು ಇಲಾಖೆಯ ಪೋರ್ಟಲ್‌ನಲ್ಲಿರುವ ಕ್ಯಾಲ್ಕ್ಯುಲೇಟರ್‌ನಲ್ಲಿ ಹಾಕಿ ನೋಡಿ, ಹತ್ತು ನಿಮಿಷದ ಕೆಲಸ.

ಆಫೀಸಿಗೆ ಏಪ್ರಿಲ್‌ನಲ್ಲಿ ‘ಹೊಸದು’ ಅಂತ ಹೇಳಿದ್ದರೂ ರಿಟರ್ನ್‌ನಲ್ಲಿ ಹಳೇದನ್ನು ಆರಿಸಬಹುದು. ಆದರೆ ಕೊನೆಯ ದಿನಾಂಕ ತಪ್ಪಿದರೆ ಹಳೇ ಪದ್ಧತಿಯ ಬಾಗಿಲು ಮುಚ್ಚಿತು. ತಂಗಿಯ 1.25 ಲಕ್ಷವೂ ಹೋಯಿತು, ಅಪ್ಪನ 50,000ವೂ ಹೋಯಿತು.

‘ರೀಫಂಡ್ ಮಾಡಿಸ್ಕೊಡ್ತೀನಿ’ ಅನ್ನುವವರು

ಪ್ರತಿ ಆಫೀಸಿನಲ್ಲೂ ಇಂಥ ಒಂದು ನಂಬರ್ ಹರಿದಾಡುತ್ತೆ. ಲಾಗಿನ್ ಕೊಡಿ, ಬಂದ ರೀಫಂಡ್‌ನಲ್ಲಿ ಕಮಿಷನ್ ಕೊಡಿ. ಅವರು ಮಾಡೋದು ಇಷ್ಟೇ: ಇಲ್ಲದ ಅಂಗವಿಕಲ ಅವಲಂಬಿತರು, ಕಟ್ಟದ ವಿಮೆ, ಕೊಡದ ದೇಣಿಗೆ ತುಂಬಿಬಿಡೋದು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಇಂಥವರ ಮೇಲೇ ಪರಿಶೀಲನೆ ನಡೆಸಿತು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೈಮ್ ವಾಪಸ್ ತೆಗೆದುಕೊಂಡಿದ್ದರು ಅಂತ ಇಲಾಖೆಯೇ ಹೇಳಿದೆ.

30 ಶೇಕಡಾ ದರದವರು 1.25 ಲಕ್ಷದ ಸುಳ್ಳು 80ಡಿಡಿ ತೋರಿಸಿದರೆ ಉಳಿಯೋದು 39,000. ಸಿಕ್ಕಿಬಿದ್ದರೆ ಆ 39,000 ವಾಪಸ್, ದಂಡ ಅದರ 200 ಶೇಕಡಾ ಅಂದರೆ 78,000, ಮೇಲೆ ಬಡ್ಡಿ. ನೋಟಿಸ್ ಬರೋದು ನಿಮ್ಮ ಹೆಸರಿಗೆ, ಏಜೆಂಟ್ ಹೆಸರಿಗಲ್ಲ. ಅದಕ್ಕಿಂತ ಬೇಸರದ ವಿಷಯ ಇನ್ನೊಂದಿದೆ. ಸುಳ್ಳು ಹೆಚ್ಚಿದಷ್ಟೂ ದಾಖಲೆ ಕೇಳೋದು ಹೆಚ್ಚುತ್ತೆ, ಅದರ ಭಾರ ಬೀಳೋದು ಮಾಗಡಿಯ ಆ ಅಣ್ಣನಂಥ ನಿಜವಾದವರ ಮೇಲೆ.

ಸಲ್ಲಿಸುವ ಮುಂಚೆ ಇಷ್ಟು ನೋಡಿ

- ಫಾರಂ 16, 26ಎಎಸ್, ಎಐಎಸ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಅಪ್ಪನ ಜೊತೆ ಜಂಟಿ ಎಫ್‌ಡಿ ಇದ್ದು ಮೊದಲ ಹೆಸರು ನಿಮ್ಮದಾಗಿದ್ದರೆ ಬಡ್ಡಿ ನಿಮ್ಮ ಎಐಎಸ್‌ನಲ್ಲೇ ಕಾಣುತ್ತೆ.
- ಅಪ್ಪ-ಅಮ್ಮನ ಎಐಎಸ್ ಕೂಡ ಒಮ್ಮೆ ತೆರೆದು ನೋಡಿ. ಟಿಡಿಎಸ್ ಹಿಡಿದಿದ್ದರೆ ಅದು ಅವರದೇ ದುಡ್ಡು, ಕೇಳಿದರೆ ಮಾತ್ರ ಬರೋದು.
- ತಡವಾದರೆ ಡಿಸೆಂಬರ್ 31ರವರೆಗೆ ಅವಕಾಶ ಇದೆ. ಶುಲ್ಕ 5,000, ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ಅದಾದ ಮೇಲೆ ಹಾಕುವ ಐಟಿಆರ್-ಯುನಲ್ಲಿ ರೀಫಂಡ್ ಕೇಳಲು ಆಗಲ್ಲ.
- ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡಿ. ಮಾಡದಿದ್ದರೆ ಸಲ್ಲಿಸಿದ್ದೂ ಸಲ್ಲಿಸಿದ ಲೆಕ್ಕವಲ್ಲ.
- ವರ್ಷದ ನಡುವೆ ಅಪ್ಪ ಅಥವಾ ಅಮ್ಮ ತೀರಿಹೋಗಿದ್ದು, ಅವರಿಗೆ ತೆರಿಗೆ ಲೆಕ್ಕಕ್ಕೆ ಬರುವಷ್ಟು ಆದಾಯ ಇದ್ದಿದ್ದರೆ ಅವರ ರಿಟರ್ನ್ ವಾರಸುದಾರರು ಹಾಕಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ ಕೊಟ್ಟು ಪೋರ್ಟಲ್‌ನಲ್ಲಿ ಮೊದಲು ನೋಂದಾಯಿಸಿಕೊಳ್ಳಿ.

ಮನೆಯವರ ಖರ್ಚಿನ ಕಾಗದಪತ್ರಗಳಿಗೆ ಒಂದು ಫೋಲ್ಡರ್ ಮಾಡಿ ಇವತ್ತಿಂದಲೇ ಹಾಕುತ್ತಾ ಹೋಗಿ: ವಿಮೆ ರಸೀದಿ, ಔಷಧಿ ಬಿಲ್, ಶಾಲೆಯ ಶುಲ್ಕದ ಚೀಟಿ, ತಂಗಿಯ ಪ್ರಮಾಣಪತ್ರ, ಅಮ್ಮನ 15ಜಿ ಪ್ರತಿ. ಮುಂದಿನ ಜುಲೈನಲ್ಲಿ ಹುಡುಕಾಟ ತಪ್ಪುತ್ತೆ, ಮತ್ತು ‘ಕಮಿಷನ್ ಕೊಡಿ’ ಅನ್ನುವವರ ನಂಬರ್ ನಿಮಗೆ ಬೇಕಾಗುವುದಿಲ್ಲ.